ಐದು ಸುತ್ತಿಗೇ ಬ್ರೇಕ್ ಮೆತ್ತಗಾದರೆ

ಪ್ರಶ್ನೆ: ಅಮೆರಿಕದ ಕನೆಕ್ಟಿಕಟ್‌ನ ಲೈಮ್ ರಾಕ್ ಟ್ರ್ಯಾಕ್‌ನಲ್ಲಿ ನನ್ನ 1967ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಓಡಿಸುತ್ತೇನೆ. ಐದನೇ ಸುತ್ತಿಗೆ ಬ್ರೇಕ್ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ತಣ್ಣಗಾದರೆ ಸರಿ. ಪ್ಯಾಡ್ ಬದಲಿಸಲೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಮೊದಲು ಬ್ರೇಕ್ ಆಯಿಲ್ ಬದಲಿಸಿ. ಪ್ಯಾಡ್ ಸೋತರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ನಿಮ್ಮಲ್ಲಿ ಆಯಿಲ್ ಕುದಿದು ಆವಿಯಾಗುತ್ತಿದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಾಳಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನೇರದಾರಿಯ ಕೊನೆಗೆ, ಬಿಗ್ ಬೆಂಡ್ ತಿರುವಿನಲ್ಲಿ ಬೀಳುವ ಬ್ರೇಕಿಗೆ ಹಳೆಯ ಆಯಿಲ್ ತಡೆಯದು.

ಸೀಲ್ ಒಡೆಯದ ಡಬ್ಬಿಯನ್ನೇ ತನ್ನಿ, ಒಂದು ಲೀಟರ್ ಇರಲಿ. ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ ಶುರುಮಾಡಿ, ಗುಳ್ಳೆ ನಿಂತು ಹೊಸ ಆಯಿಲ್ ಬರುವವರೆಗೆ ಬ್ಲೀಡ್ ಮಾಡಿ, ಅಂದರೆ ಹಳೆಯ ಆಯಿಲ್ ಮತ್ತು ಗಾಳಿಯನ್ನು ಹೊರಹಾಕಿ. ಬ್ರೇಕ್ ಆಯಿಲ್ ಟ್ಯಾಂಕ್ ಬರಿದಾಗಲು ಬಿಡಬೇಡಿ, ಗಾಳಿ ಮತ್ತೆ ನುಗ್ಗುತ್ತದೆ. ಸಿಲಿಕೋನ್‌ನ ಡಾಟ್ 5 ಬೆರೆಸಲೇಬೇಡಿ.

ಹಿಂದಿನ ಚಕ್ರಗಳ ಡ್ರಮ್ ಬ್ರೇಕ್ ಸಡಿಲವಿದ್ದರೂ ಪೆಡಲ್ ಕೆಳಗಿಳಿಯುತ್ತದೆ, ಆದರೆ ಎರಡನೇ ಸಲ ಒತ್ತಿದಾಗ ಮೇಲೇಳುತ್ತದೆ. ಅಡ್ಜಸ್ಟರನ್ನು ಚಕ್ರ ಹಿಡಿಯುವವರೆಗೆ ಬಿಗಿದು, ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ತಿರುಗಿಸಿ.

ಕೊನೆಯ ಸುತ್ತನ್ನು ಬ್ರೇಕ್ ಒತ್ತದೆ ನಿಧಾನವಾಗಿ ಮುಗಿಸಿ. ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕದ ಕಾರು ನಿಲ್ಲಿಸುವ ಜಾಗ) ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ, ಚಕ್ರಕ್ಕೆ ಮರದ ತುಂಡು ಕೊಡಿ. ಲೈಮ್ ರಾಕ್‌ನಲ್ಲಿ ಭಾನುವಾರ ರೇಸ್ ಇರುವುದಿಲ್ಲ. ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರದ ಅಮೆರಿಕದ ರಜೆ) ವಾರಾಂತ್ಯದಲ್ಲಿ ಸೋಮವಾರದ ರೇಸಿಗೆ ಮುಂಚೆ ಇನ್ನೊಮ್ಮೆ ಬ್ಲೀಡ್ ಮಾಡಲು ಆ ಭಾನುವಾರವೇ ಸಾಕು.