ಎಸಿ ತರುವ ಮೊದಲು ತಾರಸಿ ನೋಡಿ

ಬೇಸಿಗೆ ಹತ್ತಿರವಾದಂತೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಜಾಸ್ತಿ: ಯಾವ ಕಂಪನಿಯ ಎಸಿ ಒಳ್ಳೇದು? ಐಟಿಐನಲ್ಲಿ ಈ ಕೆಲಸ ಕಲಿತು, ಕಲಬುರಗಿಯಲ್ಲಿ ಎಸಿ ಕೂರಿಸುತ್ತಾ, ರಿಪೇರಿ ಮಾಡುತ್ತಾ ಬಂದಿರುವ ನನ್ನ ಉತ್ತರವೂ ಒಂದೇ. ಕಂಪನಿ ಹೆಸರು ಕೊನೆಗೆ ನೋಡಿ. ಮೊದಲು ಕೋಣೆ, ಆಮೇಲೆ ಟನ್ನು, ಆಮೇಲೆ ಫಿಟ್ ಮಾಡುವವನ ಕೈ. ಈ ಸಲದ ಪತ್ರಗಳನ್ನು ಅದೇ ಲೆಕ್ಕದಲ್ಲಿ ಆರಿಸಿದ್ದೇನೆ.

ಪ್ರಶ್ನೆ: ನಮ್ಮದು ಎರಡನೇ ಮಹಡಿ, ಮೇಲೆ ಬರೀ ತಾರಸಿ. ಬೆಡ್‌ರೂಮ್ 10 ಅಡಿ, 12 ಅಡಿ. ಅಂಗಡಿಯವರು ಒಂದು ಟನ್ ಸಾಕು ಅಂತಾರೆ, ಭಾವ ಒಂದೂವರೆ ಟನ್ ತಗೋ ಅಂತಾರೆ. 3 ಸ್ಟಾರ್ ಸಾಕಾ, 5 ಸ್ಟಾರೇ ಬೇಕಾ? ರಾತ್ರಿ ಮಾತ್ರ ಹಾಕುತ್ತೇವೆ. (ಕಲಬುರಗಿ)

ನಿಮ್ಮ ಭಾವ ಹೇಳಿದ್ದೇ ಸರಿ. ಕೆಳಗಿನ ಮಹಡಿಯಲ್ಲಿದ್ದರೆ 120 ಚದರಡಿಗೆ ಒಂದು ಟನ್ ನಡೆಯುತ್ತಿತ್ತು. ತಾರಸಿ ಕೆಳಗಿನ ಕೋಣೆಗೆ ಆ ಲೆಕ್ಕ ಹಿಡಿಯುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ರಾತ್ರಿ ಹತ್ತು ಗಂಟೆಗೆ ಮಂಚದ ಮೇಲೆ ನಿಂತು ಛಾವಣಿಗೆ ಅಂಗೈ ಒತ್ತಿ. ಬಿಸಿ ಗೊತ್ತಾಗುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ಆ ಶಾಖವನ್ನು ನೀವು ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಶಹಾಬಾದ್ ಕಲ್ಲಿನ ಛಾವಣಿಯ ಹಳೆ ಮನೆಗಳಲ್ಲೂ ಇದೇ ಕಥೆ. ನಿಮ್ಮ ಎಸಿ ಕೋಣೆಯ ಗಾಳಿಗಿಂತ ಜಾಸ್ತಿ ಆ ಸ್ಲ್ಯಾಬಿನ ಜತೆ ಗುದ್ದಾಡಬೇಕು.

ಟನ್ ಅಂದರೆ ಪೆಟ್ಟಿಗೆಯ ತೂಕ ಅಂದುಕೊಂಡವರು ಇನ್ನೂ ಇದ್ದಾರೆ. ಒಂದು ಟನ್ ಐಸನ್ನು 24 ಗಂಟೆಯಲ್ಲಿ ಕರಗಿಸಲು ಎಷ್ಟು ಶಾಖ ಬೇಕೋ, ಅಷ್ಟು ಶಾಖವನ್ನು ಎಳೆದು ಹೊರಗೆ ಹಾಕುವ ಶಕ್ತಿ ಅದು. ಶಾಖದ ಅಳತೆಯಾದ ಬಿಟಿಯುನಲ್ಲಿ ಗಂಟೆಗೆ 12,000. ವ್ಯಾಟಿನಲ್ಲಿ ಹೇಳುವುದಾದರೆ ಸುಮಾರು 3,500. ಒಂದೂವರೆ ಟನ್ನಿಗೆ 5,275 ವ್ಯಾಟ್ ಆಗಬೇಕು. ಅಂಗಡಿಯಲ್ಲಿ 'ಒಂದೂವರೆ ಟನ್' ಎಂದು ಮಾರುವ ಎಷ್ಟೋ ಎಸಿಗಳ ಲೇಬಲ್ ಓದಿದರೆ 4,700, 4,800 ಅಂತಿರುತ್ತದೆ. ಹಾಗಾಗಿ ಸೇಲ್ಸ್‌ಮನ್ ಬಾಯಲ್ಲಿ ಬರುವ ಟನ್ ಬಿಡಿ, ಲೇಬಲ್ಲಿನ ವ್ಯಾಟ್ ಓದಿ. ಇನ್ನೊಂದು ವಿಷಯ. ಆ ಅಂಕಿ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಮುಟ್ಟುತ್ತದೆ. ಹೊರಗಿನ ಬಿಸಿ ಏರಿದಂತೆ ಎಸಿಯ ಶಕ್ತಿ ಇಳಿಯುತ್ತದೆ. ನಮ್ಮ ಭಾಗದವರಿಗೆ ನಾನು ಒಂದು ಮೆಟ್ಟಿಲು ಮೇಲಿನದನ್ನೇ ಹೇಳುವುದು ಇದಕ್ಕೆ.

ಈಗ ಸ್ಟಾರ್. ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತಾರೆ. ಅದು 1,600 ಗಂಟೆ ಓಡಿಸಿದರೆ ಆಗುವ ಖರ್ಚು. ನೀವು ಮಾರ್ಚಿನಿಂದ ಜೂನ್‌ವರೆಗೆ ರಾತ್ರಿ ಒಂಬತ್ತು ಗಂಟೆ ಹಾಕಿದರೂ ಸುಮಾರು 1,100 ಗಂಟೆಯಷ್ಟೇ ಆಯಿತು. ನೀವು ನೋಡಿದ ಎರಡು ಎಸಿಗಳ ಲೇಬಲ್ಲಿನಲ್ಲಿ 200 ಯೂನಿಟ್ ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ನಿಮ್ಮ ಬಳಕೆಗೆ ಅದು ಸುಮಾರು 137 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ವರ್ಷಕ್ಕೆ ಸಾವಿರ ರೂಪಾಯಿ ಒಳಗೇ. ಎರಡರ ಬೆಲೆಯಲ್ಲಿ ಎಂಟು ಸಾವಿರ ಅಂತರ ಇದ್ದರೆ ಅದು ವಸೂಲಾಗಲು ಎಂಟು ವರ್ಷಕ್ಕೂ ಮೇಲೆ ಬೇಕು. ಆದ್ದರಿಂದ 3 ಸ್ಟಾರ್ ಇನ್ವರ್ಟರ್ ಎಸಿ (ಬ್ಯಾಟರಿ ಇನ್ವರ್ಟರ್ ಅಲ್ಲ, ಬೇಕಾದಷ್ಟಕ್ಕೆ ತಾನೇ ವೇಗ ಇಳಿಸಿಕೊಳ್ಳುವ ಎಸಿ) ತಗೊಳ್ಳಿ. ಉಳಿದ ದುಡ್ಡಲ್ಲಿ ತಾರಸಿಗೆ ಬಿಳಿ ಕೂಲ್‌ರೂಫ್ ಪೇಂಟ್ ಹೊಡೆಸಿ, ಅದಾಗದಿದ್ದರೆ ಸುಣ್ಣವನ್ನಾದರೂ ಬಳಿಸಿ. ಎಸಿ ಆಫ್ ಇದ್ದಾಗಲೂ ಅದು ಕೆಲಸ ಮಾಡುತ್ತಿರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು ಹಗಲೂ ಹಾಕಬೇಕು ಅಂದರೆ ಮಾತ್ರ 5 ಸ್ಟಾರ್ ಕಡೆ ಹೋಗಿ.

ಎರಡು ಸಣ್ಣ ಮಾತು. ಸ್ಟಾರ್ ಕೊಡುವ ಅಳತೆಯನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ. 2022ರಲ್ಲೂ ಮಾಡಿದರು. ಗೋಡೌನಿನಲ್ಲಿ ಉಳಿದ ಹಳೆ ಮಾಲಿನ 5 ಸ್ಟಾರ್ ಹೊಸ ಅಳತೆಯಲ್ಲಿ 4 ಆಗಿರಬಹುದು. ಅದಕ್ಕೇ ನಕ್ಷತ್ರ ಎಣಿಸಬೇಡಿ, ತಿಂದ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಎಂದು ಹೇಳುವ ಐಎಸ್‌ಇಇಆರ್ ಎಂಬ ಅಂಕಿ ಹೋಲಿಸಿ. ಅದು ದೊಡ್ಡದಿದ್ದಷ್ಟೂ ಒಳ್ಳೆಯದು. ಇನ್ನು ಎಸಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಸಮುದ್ರಕ್ಕೆ ಹತ್ತಿರ ನಮ್ಮ ಮನೆ. ಹೆಂಚಿನದು. ಹಿಂದಿನ ಎಸಿಯ ಔಟ್‌ಡೋರ್ (ಹೊರಗೆ ಕೂರುವ ಪೆಟ್ಟಿಗೆ) ಬೇಗ ತುಕ್ಕು ಹಿಡಿದು ಹಾಳಾಯಿತು. ಈ ಸಲ ಎರಡು ಟನ್ ದೊಡ್ಡದೇ ಹಾಕೋಣ ಅಂತ ಮಗ ಹೇಳುತ್ತಾನೆ. ಅಥವಾ ಕೂಲರ್ ಸಾಕಾ? ಕೋಣೆ 11 ಅಡಿ, 12 ಅಡಿ. (ಸುರತ್ಕಲ್)

ಅಮ್ಮಾ, ಕೂಲರ್ ಖಂಡಿತಾ ಬೇಡ. ಅದು ನೀರು ಆರಿಸಿ ತಂಪು ಕೊಡುವ ಯಂತ್ರ. ನಮ್ಮ ಕಲಬುರಗಿಯ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ನಿಮ್ಮ ಕಡೆ ಗಾಳಿಯಲ್ಲೇ ನೀರಿದೆ, ಮತ್ತೆ ನೀರು ಆರುವುದು ಎಲ್ಲಿಂದ? ಸೆಕೆ ಇನ್ನಷ್ಟು ಜಾಸ್ತಿಯಾಗುತ್ತದೆ, ಅಷ್ಟೇ.

ಎರಡು ಟನ್ ಕೂಡ ಬೇಡ. ಕರಾವಳಿಯಲ್ಲಿ ನಿಮ್ಮನ್ನು ಕಾಡುವುದು ಬಿಸಿಗಿಂತ ತೇವ. ಎಸಿ ನಿಧಾನವಾಗಿ, ತುಂಬಾ ಹೊತ್ತು ಓಡಿದಾಗಲೇ ಒಳಗಿನ ತಣ್ಣನೆ ಪೈಪಿನ ಸುರುಳಿ, ಅಂದರೆ ಕಾಯಿಲ್ ಮೇಲೆ ನೀರು ಕಟ್ಟಿ ಡ್ರೇನ್ ಪೈಪಿನಲ್ಲಿ ಹೊರಗೆ ಹೋಗುವುದು. ಕೋಣೆಗೆ ಮೀರಿದ ಎಸಿ ಐದೇ ನಿಮಿಷದಲ್ಲಿ ತಂಪು ಮಾಡಿ ಕಟ್ ಆಗುತ್ತದೆ. ಗಾಳಿ ತಣ್ಣಗಿರುತ್ತದೆ, ಮೈ ಅಂಟಂಟು ಹಾಗೇ ಇರುತ್ತದೆ. ಒಂದು ಟನ್ ಇನ್ವರ್ಟರ್ ಸಾಕು. ಆದರೆ ಒಂದು ಷರತ್ತು: ಕೋಣೆಗೆ ಮುಚ್ಚಿಗೆ, ಅಂದರೆ ಹೆಂಚಿನ ಕೆಳಗೆ ಒಳಛಾವಣಿ ಇರಬೇಕು. ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ. ಬರೀ ಹೆಂಚಾದರೆ ತಂಪೆಲ್ಲ ಸಂದಿಯಿಂದ ಹೊರಟುಹೋಗುತ್ತದೆ, ಎಷ್ಟು ಟನ್ ಹಾಕಿದರೂ ಅಷ್ಟೇ. ಹಳೆ ಮನೆಗಳ ಹಲಗೆ ಮುಚ್ಚಿಗೆ ಇದ್ದರೆ ಸಂದಿ ಮುಚ್ಚಿಸಿ. ಇಲ್ಲದಿದ್ದರೆ ಮೊದಲು ಜಿಪ್ಸಂ ಸೀಲಿಂಗ್ ಮಾಡಿಸಿ, ಎಸಿ ಆಮೇಲೆ.

ತುಕ್ಕಿನ ವಿಷಯ: ಕಾಪರ್ ಕಾಯಿಲ್ ಇರುವುದನ್ನೇ ಕೇಳಿ, ಅದರ ಫಿನ್ (ಕಾಯಿಲ್ ಸುತ್ತಲಿನ ತೆಳು ತಗಡಿನ ಎಸಳು) ಮೇಲೆ ಉಪ್ಪು ತಡೆಯುವ ಲೇಪ ಇದೆಯಾ ವಿಚಾರಿಸಿ. ಔಟ್‌ಡೋರನ್ನು ಸಮುದ್ರದ ಗಾಳಿಗೆ ಎದುರಾಗಿ ಇಡಬೇಡಿ, ಮನೆಯ ಮರೆಗೆ ಇಡಿಸಿ. ಬಣ್ಣ ಹೊಡೆದ ಕಬ್ಬಿಣದ ಸ್ಟ್ಯಾಂಡ್ ಬೇಡ, ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ, ಫಿನ್ ಮೇಲೆ ಸಿಹಿ ನೀರನ್ನು ಮೆಲ್ಲಗೆ ಹರಿಸಿ ಉಪ್ಪು ತೊಳೆಯಿರಿ. ಪ್ರೆಷರ್ ಪಂಪ್ ಹಿಡಿದರೆ ಫಿನ್ ಬಾಗಿ ಗಾಳಿಯ ದಾರಿ ಮುಚ್ಚುತ್ತದೆ.

ಪ್ರಶ್ನೆ: ಬಳ್ಳಾರಿಯಲ್ಲಿ ನನ್ನದು ಮೆಡಿಕಲ್ ಶಾಪ್. 12 ಅಡಿ ಅಗಲ, 20 ಅಡಿ ಉದ್ದ, ಪಶ್ಚಿಮಕ್ಕೆ ಶಟರ್. ಮಾತ್ರೆ ಪಟ್ಟಿ ಮೇಲೆ 30 ಡಿಗ್ರಿ ಒಳಗಿಡಿ ಅಂತಿರುತ್ತದೆ. ಎಷ್ಟು ಟನ್ ಬೇಕು, ಛಾವಣಿಗೆ ಕೂರುವ ಕ್ಯಾಸೆಟ್ ಎಸಿ ಹಾಕಿಸಲಾ? (ಬಳ್ಳಾರಿ)

ಆ ಸಾಲನ್ನು ಓದಿ ಎಸಿಗೆ ಹೊರಟಿದ್ದೀರಲ್ಲ, ತುಂಬಾ ಸಂತೋಷವಾಯಿತು. ಬಳ್ಳಾರಿ ಮೇ ತಿಂಗಳಲ್ಲಿ ಶಟರ್ ಮುಚ್ಚಿದ ಅಂಗಡಿಯೊಳಗೆ ಔಷಧಿ ಏನಾಗುತ್ತದೆ ಅಂತ ಯೋಚಿಸುವವರು ಕಡಿಮೆ.

ಶಟರ್ ಎತ್ತಿ ಅಂಗಡಿ ತೆರೆದಿಟ್ಟು ಎಸಿ ಹಾಕಿದರೆ ಬೀದಿಗೆ ತಂಪು ಕೊಟ್ಟಂತೆ. ಮೊದಲು ಗಾಜಿನ ಬಾಗಿಲು ಹಾಕಿಸಿ, ತಾನಾಗಿ ಮುಚ್ಚಿಕೊಳ್ಳುವ ಡೋರ್ ಕ್ಲೋಸರ್ ಇರಲಿ. ಪಶ್ಚಿಮದ ಗಾಜಿಗೆ ಮಧ್ಯಾಹ್ನದ ಮೇಲೆ ಬಿಸಿಲು ನೇರ ಹೊಡೆಯುತ್ತದೆ. ಹೊರಗಡೆ ತಗಡಿನದೋ ಬಟ್ಟೆಯದೋ ಚಪ್ಪರ ಇಳಿಸಿ. ಗಾಜಿನ ಒಳಗೆ ಪರದೆ ಕಟ್ಟುವುದಕ್ಕಿಂತ ಬಿಸಿಲನ್ನು ಹೊರಗೇ ತಡೆಯುವುದು ಮೇಲು.

ಒಳಗಿನ ಶಾಖವನ್ನೂ ಲೆಕ್ಕ ಹಾಕಿ. ಸುಮ್ನೆ ನಿಂತ ಒಬ್ಬ ಮನುಷ್ಯನಿಂದ ನೂರು ವ್ಯಾಟಿಗೂ ಹೆಚ್ಚು ಶಾಖ ಬರುತ್ತದೆ. ಇನ್ಸುಲಿನ್ ಇಡುವ ಫ್ರಿಜ್ ತನ್ನ ಬಿಸಿಯನ್ನೆಲ್ಲ ಅಂಗಡಿಯೊಳಗೇ ಬಿಡುತ್ತದೆ. ಎಲ್ಲ ಸೇರಿಸಿ ನಿಮಗೆ ಎರಡು ಟನ್ ಬೇಕು. ಆದರೆ ಕ್ಯಾಸೆಟ್ ಬೇಡ. ಒಂದು ಟನ್ನಿನ, ಗೋಡೆಗೆ ಕೂರುವ ಎರಡು ಸ್ಪ್ಲಿಟ್ ಎಸಿ ಹಾಕಿಸಿ. ಬೇಸಿಗೆಯ ನಡುವೆ ಒಂದು ಕೆಟ್ಟರೆ ಮೆಕ್ಯಾನಿಕ್ ಬರುವ ತನಕ ಇನ್ನೊಂದು ಔಷಧಿ ಕಾಯುತ್ತದೆ. ಬೆಳಿಗ್ಗೆ ಜನ ಇಲ್ಲದ ಹೊತ್ತು ಒಂದೇ ಸಾಕು. ಔಷಧಿಗೆ 25 ಡಿಗ್ರಿ ಧಾರಾಳವಾಯಿತು, 18ಕ್ಕೆ ಇಳಿಸಬೇಡಿ. ಗೋಡೆಗೊಂದು ಥರ್ಮಾಮೀಟರ್ ನೇತುಹಾಕಿ. ಎಸಿಯ ಎದುರಲ್ಲ, ಮೇಲಿನ ರ‍್ಯಾಕಿನ ಹತ್ತಿರ. ಬಿಸಿ ಸೇರುವುದು ಅಲ್ಲೇ.

ಪ್ರಶ್ನೆ: ಎಸಿ ಹಾಕಿಸಿದಾಗಿನಿಂದ ಪ್ರತಿ ಬೇಸಿಗೆಗೂ ಗ್ಯಾಸ್ ಮುಗಿದಿದೆ ಅಂತ ತುಂಬಿಸುತ್ತಾರೆ. ಇದು ಸಹಜವೇ? (ವಿಜಯಪುರ)

ಅಲ್ಲವೇ ಅಲ್ಲ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಅದೇ ಗ್ಯಾಸ್ ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸಿದರೆ ಮುಂದಿನ ವರ್ಷವೂ ನಿಮ್ಮ ದುಡ್ಡು ಗಾಳಿಗೇ.

ಬಹುಪಾಲು ಸೋರುವುದು ಕಾಪರ್ ಪೈಪಿನ ತುದಿ ಅರಳಿಸಿ ನಟ್ ಬಿಗಿಯುವ ಕಡೆ. ಪೈಪ್ ಕತ್ತರಿಸಿದ ಮೇಲೆ ಅಂಚಿನ ಚೂರು ತೆಗೆಯದೆ ಅರಳಿಸಿದರೆ ಅಲ್ಲೊಂದು ಕೂದಲೆಳೆ ಗೀರು ಉಳಿಯುತ್ತದೆ. ಸೋಪಿನ ನೊರೆ ಹಚ್ಚಿ ನೋಡಿದರೆ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತವೆ. ನಿಮ್ಮ ಮೆಕ್ಯಾನಿಕ್ಕಿಗೆ ಅದನ್ನೇ ಮೊದಲು ಮಾಡಲು ಹೇಳಿ.

ಹೊಸದಾಗಿ ಹಾಕಿಸುವವರು ಪಕ್ಕದಲ್ಲೇ ನಿಂತು ನೋಡಿ. ಕೆಲವರು ಔಟ್‌ಡೋರಿನ ವಾಲ್ವಿಗೆ ಅಲೆನ್ ಕೀ ಹಾಕಿ ಸ್ವಲ್ಪ ಗ್ಯಾಸ್ ಬಿಟ್ಟು, ಇನ್ನೊಂದು ಕಡೆ ನಟ್ ಸಡಿಲಿಸಿ ಪೈಪಿನ ಗಾಳಿಯನ್ನು ಬುಸ್ಸೆಂದು ಹೊರಗೆ ತಳ್ಳುತ್ತಾರೆ. ಎರಡು ನಿಮಿಷದ ಕೆಲಸ. ಒಳಗೆ ತೇವ ಉಳಿದುಬಿಡುತ್ತದೆ, ಆಯಿಲ್ ಜತೆ ಸೇರಿ ಆಸಿಡ್ ಆಗುತ್ತದೆ, ಮುಂದೊಂದು ದಿನ ಕಂಪ್ರೆಸರಿಗೇ ಪೆಟ್ಟು. ಸರಿಯಾದ ದಾರಿ ಪೈಪಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್. ಅರ್ಧ ಗಂಟೆ ಓಡಿಸಬೇಕು. ಪಂಪ್ ಆಫ್ ಮಾಡಿದ ಮೇಲೂ ಗೇಜಿನ ಮುಳ್ಳು ಹತ್ತು ನಿಮಿಷ ಇದ್ದಲ್ಲೇ ನಿಲ್ಲಬೇಕು. ಮೇಲೆದ್ದರೆ ಎಲ್ಲೋ ಸಂದಿ ಇದೆ ಅಂತಲೇ ಅರ್ಥ. ಪಂಪ್ ತರದೆ ಬಂದ ಹುಡುಗರನ್ನು ವಾಪಸ್ ಕಳಿಸಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಪೂರ್ತಿ ಖಾಲಿಯಾದ ಎಸಿಗೆ ಗ್ಯಾಸ್ ತುಂಬುವಾಗಲೂ ಅಷ್ಟೇ, ತಕ್ಕಡಿ ಇಟ್ಟು ತೂಗಿ ಹಾಕಬೇಕು. ಎಷ್ಟು ಗ್ರಾಂ ಅಂತ ಔಟ್‌ಡೋರಿನ ಸ್ಟಿಕ್ಕರ್ ಮೇಲೇ ಬರೆದಿದೆ.

ಪ್ರಶ್ನೆ: ನಮಗೆ ಗೃಹಜ್ಯೋತಿ ಇದೆ, ಕರೆಂಟ್ ಬಿಲ್ ಸೊನ್ನೆ. ಎಸಿ ಹಾಕಿದರೆ ಏನಾಗುತ್ತದೆ? ನಮ್ಮೂರಲ್ಲಿ ವೋಲ್ಟೇಜೂ ಕಡಿಮೆ. (ಸಿಂಧನೂರು ಹತ್ತಿರದ ಹಳ್ಳಿ)

ಒಂದೂವರೆ ಟನ್ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಅಂದಾಜು ಐದಾರು ಯೂನಿಟ್. ತಿಂಗಳಿಗೆ 150, 180. ಫ್ರಿಜ್, ಫ್ಯಾನ್, ಮೋಟರ್ ಸೇರಿದರೆ ಗೃಹಜ್ಯೋತಿಯ ಮಿತಿಯಾದ 200 ಯೂನಿಟ್ ದಾಟುವುದು ಬಹುತೇಕ ಖಚಿತ. ದಾಟಿದ ತಿಂಗಳು ಮೇಲಿನ ಯೂನಿಟ್ಟಿಗಷ್ಟೇ ಅಲ್ಲ, ಪೂರ್ತಿ ಬಿಲ್ ನೀವೇ ಕಟ್ಟಬೇಕು. ಅದನ್ನು ಮನೆಯವರೆಲ್ಲ ಕೂತು ಯೋಚಿಸಿ.

ನಾನಾದರೆ ನಿಮ್ಮಂಥ ಒಣ ಹವೆಯ ಊರಿಗೆ ಕಿಟಕಿಗೆ ಕೂರುವ ಒಳ್ಳೆ ಕೂಲರನ್ನೇ ಹೇಳುತ್ತೇನೆ. ರಾತ್ರಿಯಿಡೀ ಓಡಿದರೂ ಎರಡು ಯೂನಿಟ್ ಆಗುವುದು ಕಷ್ಟ. ಎದುರಿನ ಕಿಟಕಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ತೇವ ಒಳಗೇ ತುಂಬುತ್ತದೆ. ಆದರೂ ಎಸಿಯೇ ಬೇಕು ಅಂದರೆ, ಎಲ್ಲರೂ ಮಲಗುವ ಒಂದೇ ಸಣ್ಣ ಕೋಣೆಗೆ ಹಾಕಿಸಿ, 26ಕ್ಕೆ ಇಟ್ಟು ಫ್ಯಾನ್ ಕೂಡ ಹಾಕಿ. ಕೊಳ್ಳುವ ಮೊದಲು ಸಂಜೆ ಎಲ್ಲರ ಮನೆಯ ದೀಪ ಹತ್ತಿದ ಮೇಲೆ ಪ್ಲಗ್ಗಿನಲ್ಲಿ ಎಷ್ಟು ವೋಲ್ಟೇಜ್ ಬರುತ್ತದೆ ಅಂತ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಎಸಿ ಡಬ್ಬದ ಮೇಲೆ ಬರೆದ ಕನಿಷ್ಠ ವೋಲ್ಟೇಜಿಗಿಂತ ಅದು ಕೆಳಗಿದ್ದರೆ, ಅಂಗಡಿಯವರು ಬೇಡ ಅಂದರೂ ಸ್ಟೆಬಿಲೈಜರ್ ಬೇಕೇ ಬೇಕು. ಹಳ್ಳಿ ಮನೆಗಳಿಗೆ ಮಂಜೂರಾದ ಲೋಡ್ ಕಡಿಮೆ ಇರುತ್ತದೆ. ನಿಮ್ಮ ಬಿಲ್ ಮೇಲೆ ಎಷ್ಟಿದೆ ನೋಡಿ, ಸಾಲದಿದ್ದರೆ ಜೆಸ್ಕಾಂ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ. ಮೀಟರಿನಿಂದ ಎಸಿಗೆ ಬೇರೆಯೇ ವೈರ್, ಬೇರೆಯೇ ಎಂಸಿಬಿ (ಲೋಡ್ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿಸಿ. ಅರ್ಥಿಂಗ್ ಸರಿ ಇದೆಯಾ ಅಂತ ಅವತ್ತೇ ಪರೀಕ್ಷೆ ಮಾಡಿಸಿ.