ಅಲ್ಬೇನಿಯಾದ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಯಾವುದು?

ನನ್ನನ್ನು ಕೇಳಿದರೆ ಮೊದಲು ಹೇಳುವುದು ಒಂದು ಪದ: ‘ಬೆಸ’. ಅಲ್ಬೇನಿಯನ್ ಭಾಷೆಯಲ್ಲಿ ಹಾಗೆಂದರೆ ಕೊಟ್ಟ ಮಾತು. (ನಮ್ಮ ಬೆಸ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ.) ಬಾಗಿಲಿಗೆ ಬಂದವರು ಯಾರೇ ಆಗಲಿ, ಒಳಗೆ ಕರೆದ ಮೇಲೆ ಅವರ ಜೀವಕ್ಕೆ ಮನೆಯವರೇ ಹೊಣೆ.

ಇದು ಸುಮ್ನೆ ಹೇಳುವ ಮಾತಾಗಿ ಉಳಿಯಲಿಲ್ಲ. 1943ರಲ್ಲಿ ಜರ್ಮನ್ ಸೇನೆ ಅಲ್ಬೇನಿಯಾವನ್ನು ಹಿಡಿದುಕೊಂಡಿತು. ಬೇರೆ ದೇಶಗಳಿಂದ ಓಡಿ ಬಂದ ಯಹೂದಿಗಳು ಆಗ ಅಲ್ಲಿದ್ದರು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳು ಅವರನ್ನು ಮನೆಯಲ್ಲಿಟ್ಟುಕೊಂಡವು. ಊರಿನ ಬಟ್ಟೆ ತೊಡಿಸಿದರು, ಮುಸ್ಲಿಂ ಹೆಸರು ಕೊಟ್ಟರು, ಕೇಳಿದವರಿಗೆ ‘ನಮ್ಮ ನೆಂಟರು’ ಅಂದರು. ಸಿಕ್ಕಿಬಿದ್ದಿದ್ದರೆ ಇಡೀ ಮನೆಗೇ ಸಾವು ಬರಬಹುದಿತ್ತು. ಯುದ್ಧ ಮುಗಿದಾಗ ಅಲ್ಲಿ ಯುದ್ಧಕ್ಕೆ ಮೊದಲಿದ್ದುದಕ್ಕಿಂತ ಜಾಸ್ತಿ ಯಹೂದಿಗಳಿದ್ದರು. ಯುರೋಪಿನಲ್ಲಿ ಇಂಥದ್ದು ಬಹಳ ಅಪರೂಪ. ಆಮೇಲೆ ಕಮ್ಯುನಿಸ್ಟ್ ಆಡಳಿತ ದೇಶದ ಬಾಗಿಲು ಮುಚ್ಚಿತು. ಹಾಗಾಗಿ ಈ ಕಥೆ ಹೊರಗೆ ಬರಲು ದಶಕಗಳೇ ಬೇಕಾದವು.

ಇನ್ನೊಂದು, ವ್ಯೋಸಾ ನದಿ. ಗ್ರೀಸಿನ ಪಿಂಡಸ್ ಬೆಟ್ಟಗಳಲ್ಲಿ ಹುಟ್ಟಿ ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಅಲ್ಬೇನಿಯಾದಲ್ಲಿ ಇದಕ್ಕೆ ಅಡ್ಡಲಾಗಿ ಒಂದು ಅಣೆಕಟ್ಟೂ ಪೂರ್ತಿಯಾಗಿಲ್ಲ. ಕಲಿವಾಚ್ ಬಳಿ ಶುರುವಾದದ್ದು ಅರ್ಧಕ್ಕೇ ನಿಂತಿದೆ. ಅದಕ್ಕೇ ನೀರು ತನಗೆ ಬೇಕಾದ ಕಡೆ ಕವಲೊಡೆಯುತ್ತದೆ. ಜಲ್ಲಿಕಲ್ಲಿನ ದಿಬ್ಬಗಳು ಒಂದು ಪ್ರವಾಹದಲ್ಲಿ ಕೊಚ್ಚಿಹೋಗಿ ಇನ್ನೊಂದು ಕಡೆ ಏಳುತ್ತವೆ. ಅಣೆಕಟ್ಟು ಬೇಡ ಅಂತ ಹಳ್ಳಿಯವರು, ವಿಜ್ಞಾನಿಗಳು ವರ್ಷಗಟ್ಟಲೆ ಹೋರಾಡಿದರು. 2023ರ ಮಾರ್ಚ್‌ನಲ್ಲಿ ಸರ್ಕಾರ ಈ ನದಿಯನ್ನೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು.