ಸ್ಮಾರ್ಟ್ ಗ್ರಿಡ್‌ಗೂ ಫ್ಯಾಕ್ಟರಿ ಡಿಜಿಟಲ್ ಆಗೋದಕ್ಕೂ ಏನ್ ಸಂಬಂಧ? ಎಲ್ಲಿಂದ ಶುರು ಮಾಡ್ಬೇಕು?

ನಿಮ್ಮ ಫ್ಯಾಕ್ಟರಿಗೆ ಸ್ಮಾರ್ಟ್ ಮೀಟರ್ ಹಾಕಿ ಹೋಗಿದ್ದಾರೆ, ಅದೇ ಹೊತ್ತಿಗೆ ಮೇಲಿನವರು ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್ ಅಂತ ಒಂದು ಪ್ರೆಸೆಂಟೇಶನ್ ತೋರ್ಸಿದ್ದಾರೆ, ಇವೆರಡಕ್ಕೂ ಸಂಬಂಧ ಇದ್ಯಾ, ಎಲ್ಲಿಂದ ಶುರು ಮಾಡೋದು, ಇದೆಲ್ಲ ಬಂದ್ಮೇಲೆ ಎಲೆಕ್ಟ್ರಿಷಿಯನ್‌ಗಳಿಗೆ ಕೆಲಸ ಉಳಿಯುತ್ತಾ ಅಂತ ಕೇಳಿದ್ದೀರಿ. ನಾನು ಹದಿನಾರು ವರ್ಷದಿಂದ ಫ್ಯಾಕ್ಟರಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲೇ ಇದೀನಿ, ಈಚೆಗೆ ಐದಾರು ವರ್ಷದಿಂದ ಎನರ್ಜಿ ಮಾನಿಟರಿಂಗ್ ಅನ್ನೋ ಹಣೆಪಟ್ಟಿ ಬೇರೆ ಅಂಟಿದೆ. ಗೊತ್ತಿರೋದನ್ನ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಸಂಬಂಧ ಇದೆ, ಚೆನ್ನಾಗೇ ಇದೆ. ಗ್ರಿಡ್ (ಸ್ಥಾವರದಿಂದ ನಿಮ್ಮವರೆಗೆ ಕರೆಂಟ್ ತರೋ ಇಡೀ ಜಾಲ) ಈಗ ಕರೆಂಟ್ ಬಳಸೋರ ಹತ್ರ "ಸ್ವಲ್ಪ ತಡಿ, ಈಗ ಬೇಡ, ಆಮೇಲೆ ತಗೋ" ಅಂತ ಕೇಳೋ ಸ್ಥಿತಿಗೆ ಬಂದಿದೆ, ಆದ್ರೆ ಹೆಚ್ಚಿನ ಫ್ಯಾಕ್ಟರಿಗಳಿಗೆ ಯಾವ ಹೊತ್ತಲ್ಲಿ ಯಾವ ಮೋಟ್ರು ಎಷ್ಟು ಎಳೀತಿದೆ ಅಂತ ತಮಗೇ ಗೊತ್ತಿರಲ್ಲ. ಗೊತ್ತಿಲ್ದೇ ಇರೋನು ಏನಂತ ಉತ್ತರ ಕೊಡ್ತಾನೆ?

ಗ್ರಿಡ್ ಯಾಕೆ ಹಾಗೆ ಕೇಳೋಕೆ ಶುರು ಮಾಡ್ತು ಅಂದ್ರೆ, ಕರೆಂಟನ್ನ ದೊಡ್ಡ ಪ್ರಮಾಣದಲ್ಲಿ ಕೂಡಿಡೋದು ಇವತ್ತಿಗೂ ದುಬಾರಿ, ಅದಕ್ಕೆ ಉತ್ಪಾದನೆ ಮತ್ತೆ ಬಳಕೆ ಪ್ರತಿ ಕ್ಷಣ ಸಮ ಇರ್ಬೇಕು. ಸಮ ಇದ್ಯಾ ಇಲ್ವಾ ಅಂತ ಹೇಳೋದು ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತೆ ಅನ್ನೋ ಲೆಕ್ಕ), ಕೆಲವು ದೇಶಗಳಲ್ಲಿ 50 ಹರ್ಟ್ಜ್, ಕೆಲವು ಕಡೆ 60. ಏರಿನಲ್ಲಿ ಸೈಕಲ್ ತುಳಿಯೋವಾಗ ಹಿಂದೆ ಯಾರಾದ್ರೂ ಹತ್ತಿ ಕೂತ್ರೆ ತುಳಿತ ನಿಧಾನ ಆಗುತ್ತಲ್ಲ, ಲೋಡ್, ಅಂದ್ರೆ ಕರೆಂಟ್ ಎಳೆಯೋದು, ಜಾಸ್ತಿ ಆದಾಗ ಜನರೇಟರ್‌ಗಳೂ ಹಾಗೇ ನಿಧಾನ ಆಗಿ ಫ್ರೀಕ್ವೆನ್ಸಿ ಇಳಿಯುತ್ತೆ. ಹಿಂದೆ ಇದಕ್ಕೆ ಮದ್ದು ಸುಲಭ, ಲೋಡ್ ಏರಿದಂಗೆ ಕಲ್ಲಿದ್ದಲು, ಗ್ಯಾಸ್, ನೀರಿನ ಸ್ಥಾವರಗಳನ್ನ ಏರಿಸೋದು, ಇಳಿದಂಗೆ ಇಳಿಸೋದು. ಲೋಡ್ ರಾಜ, ಜನರೇಟರ್ ಸೇವಕ. ಈಗ ಸೋಲಾರ್ ಮತ್ತೆ ಗಾಳಿ ಜಾಸ್ತಿ ಆದ ಕಡೆ ಈ ಲೆಕ್ಕ ತಲೆಕೆಳಗು, ಮೋಡ ಬಂದ್ರೆ ಯಾರ ಮಾತೂ ಕೇಳಲ್ಲ, ಜೊತೆಗೆ ದೊಡ್ಡ ಟರ್ಬೈನ್ ತಿರುಗೋವಾಗ ಅದರ ತೂಕದಲ್ಲೇ ಒಂದಷ್ಟು ಶಕ್ತಿ ಇರುತ್ತೆ, ಏನೋ ಎಡವಟ್ಟಾದ್ರೆ ಮೊದಲ ಕೆಲವು ಸೆಕೆಂಡ್ ಅದೇ ಕಾಪಾಡುತ್ತೆ, ಸೋಲಾರ್ ಇನ್ವರ್ಟರ್‌ಗೆ ಆ ತೂಕ ಇಲ್ಲ. ಅದಕ್ಕೇ ಈಗ ಬ್ಯಾಟರಿ ಬೇಕು, ವೇಗವಾಗಿ ಅಳೆಯೋದು ಬೇಕು, ಲೋಡು ಕೂಡ ಸ್ವಲ್ಪ ಮಾತು ಕೇಳ್ಬೇಕು.

ಹೀಗೆ ಅಳೆದು, ಲೋಡಿನ ಜೊತೆಗೂ ಮಾತಾಡೋ ಗ್ರಿಡ್‌ಗೇ ಸ್ಮಾರ್ಟ್ ಗ್ರಿಡ್ ಅನ್ನೋದು. ಸ್ಮಾರ್ಟ್ ಮೀಟರ್ ಇದರಲ್ಲಿ ಒಂದು ತುಂಡು ಅಷ್ಟೇ, ಎಲ್ರೂ ಅದನ್ನೇ ಸ್ಮಾರ್ಟ್ ಗ್ರಿಡ್ ಅಂದ್ಕೊಂಡಿದ್ದಾರೆ. ಇಟಲಿಯಲ್ಲಿ ಎನೆಲ್ ಕಂಪನಿ 2001ರಿಂದ ಐದಾರು ವರ್ಷದಲ್ಲಿ ಸುಮಾರು 3 ಕೋಟಿ ಗ್ರಾಹಕರಿಗೆ ದೂರದಿಂದಲೇ ಓದೋ ಮೀಟರ್ ಹಾಕ್ತು, ಅಂದ್ರೆ ಈ ಮೀಟರ್ ವಿಷಯ ಹೊಸದೇನಲ್ಲ. ಮೀಟರ್ ಬಂದ ಮಾತ್ರಕ್ಕೆ ಒಂದು ಯೂನಿಟ್ಟೂ ಉಳಿಯಲ್ಲ. ಥರ್ಮಾಮೀಟರ್ ಇಟ್ರೆ ಜ್ವರ ಇಳಿಯುತ್ತಾ?

ಈಗ ನಿಮ್ಮ ಫ್ಯಾಕ್ಟರಿಗೆ ಬರೋಣ. ನಮ್ಮಲ್ಲಿ ನಡೆದಿದ್ದು ಹೇಳ್ತೀನಿ. ಮೇನ್ ಮೀಟರ್ ಪ್ರತಿ 15 ನಿಮಿಷಕ್ಕೆ ಒಂದು ಸರಾಸರಿ ಕೊಡ್ತಿತ್ತು, ಅದನ್ನ ಎಕ್ಸೆಲ್‌ಗೆ ಹಾಕಿ ನೋಡಿದ್ರೆ ಭಾನುವಾರ ರಾತ್ರಿ 2 ಗಂಟೆಗೂ ಪ್ರೊಡಕ್ಷನ್ ಇಲ್ದೇ ಸುಮಾರು 40 ಕಿಲೋವ್ಯಾಟ್ ಎಳೀತಿತ್ತು, ಗೆರೆ ಎಳೆದಂಗೆ ನೇರ. ಲೈಟು, ಸರ್ವರ್, ಎಸಿ ಇರ್ಬೇಕು ಬಿಡು ಅಂತ ವರ್ಷಗಟ್ಲೆ ಎಲ್ರೂ ಅಂದ್ಕೊಂಡಿದ್ವಿ, ನಾನೂ ಸೇರಿ. ಆಮೇಲೆ ಪ್ಯಾನಲ್ ಬೋರ್ಡಿನ ನಾಲ್ಕು ದೊಡ್ಡ ಫೀಡರ್‌ಗೆ (ಒಂದೊಂದು ವಿಭಾಗಕ್ಕೆ ಕರೆಂಟ್ ಒಯ್ಯೋ ಲೈನು) ಸಬ್ ಮೀಟರ್ ಹಾಕಿ ನಿಮಿಷಕ್ಕೊಂದು ರೀಡಿಂಗ್ ತಗೊಂಡ್ವಿ. ಆ ನೇರ ಗೆರೆ ಗರಗಸದ ಹಲ್ಲು ಆಯ್ತು! 55 ಕಿಲೋವ್ಯಾಟ್ ಏರ್ ಕಂಪ್ರೆಸರ್ ಲೋಡ್ ಆಗ್ತಿದೆ, ಅಂದ್ರೆ ಗಾಳಿ ತುಂಬ್ತಿದೆ, ಅನ್‌ಲೋಡ್ ಆಗ್ತಿದೆ, ಮತ್ತೆ ಲೋಡ್ ಆಗ್ತಿದೆ, ಗಾಳಿ ಬಳಸೋರು ಒಬ್ರೂ ಇಲ್ಲ. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲಿ ಸುಮ್ನೆ ತಿರುಗ್ತಿದ್ರೂ ಫುಲ್ ಲೋಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ತಿನ್ನುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಗಾಳಿ ಎಲ್ಲಿ ಹೋಗ್ತಿದೆ ಅಂದ್ರೆ, ಲೀಕು.

ನಮ್ಮ ಹಿರಿಯ ಫಿಟ್ಟರ್ ಒಬ್ರು, ಇಡೀ ಶಾಪ್ ಸುಮ್ನಿದ್ದ ಒಂದು ಭಾನುವಾರ ಬೆಳಗ್ಗೆ ಪೈಪ್‌ಲೈನ್ ಉದ್ದಕ್ಕೂ ನಡ್ಕೊಂಡು ಹೋದ್ರು, ಕೈಯಲ್ಲಿ ಸೋಪಿನ ನೀರಿನ ಬಾಟ್ಲು, ಕಿವಿಗೆ ಸುಯ್ ಅಂದ ಕಡೆ ಸ್ಪ್ರೇ, ಗುಳ್ಳೆ ಬಂದ ಕಡೆ ಒಂದು ಟ್ಯಾಗು. ಮಧ್ಯಾಹ್ನದ ಹೊತ್ತಿಗೆ 23 ಟ್ಯಾಗು. ಹೆಚ್ಚಿನವು ಕ್ವಿಕ್ ಕಪ್ಲರ್ ಮತ್ತೆ ಹಳೇ ಹೋಸ್ ಕ್ಲ್ಯಾಂಪು. ನಾನು ಜಾಣತನ ಮಾಡಿ "ಇನ್ಮೇಲೆ ಶನಿವಾರ ರಾತ್ರಿನೇ ಕಂಪ್ರೆಸರ್ ಆಫ್ ಆಗೋ ಹಾಗೆ ಪಿಎಲ್‌ಸಿಲಿ (ಮೆಷಿನ್ ನಡೆಸೋ ಪುಟ್ಟ ಕಂಪ್ಯೂಟರ್) ಟೈಮರ್ ಹಾಕ್ಬಿಡೋಣ" ಅಂದೆ. ಅವರು ಬೇಡ ಅಂದ್ರು, ಒಂದು ಟ್ಯಾಂಕಿನ ವಾಲ್ವ್ ಗಾಳಿ ಪ್ರೆಷರ್ ಬಿದ್ರೆ ತಾನಾಗೇ ತೆರ್ಕೊಳ್ಳುತ್ತೆ, ಒಳಗಿರೋದೆಲ್ಲ ಚರಂಡಿಗೆ ಅಂತ. ಕಂಪ್ರೆಸರ್ ಯಾಕೆ ಯಾವತ್ತೂ ಆಫ್ ಮಾಡ್ತಿರ್ಲಿಲ್ಲ ಅನ್ನೋದಕ್ಕೆ ಕಾರಣ ಅದು, ಯಾವ ಡ್ರಾಯಿಂಗ್‌ನಲ್ಲೂ ಇರ್ಲಿಲ್ಲ, ಯಾವ ಸಾಫ್ಟ್‌ವೇರ್‌ನಲ್ಲೂ ಇರ್ಲಿಲ್ಲ, ಅವರ ತಲೇಲಿ ಇತ್ತು. ಕೊನೆಗೆ ಆ ವಾಲ್ವಿಗೆ ಮಾತ್ರ ಒಂದು ಪುಟ್ಟ ಕಂಪ್ರೆಸರ್ ಕೊಟ್ಟು ದೊಡ್ಡದನ್ನ ನಿಲ್ಸಿದ್ವಿ. ಕೆಲಸ ಹೋಗುತ್ತಾ ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಅರ್ಧ ಉತ್ತರ ಇದು. ಇನ್ನರ್ಧ ಏನಂದ್ರೆ, ಬರೀ ರೀಡಿಂಗ್ ಬರ್ಕೊಂಡು ಬರೋ ಕೆಲಸ ಮಾತ್ರ ಖಂಡಿತ ಹೋಗುತ್ತೆ, ಸಮಾಧಾನಕ್ಕೆ ಸುಳ್ಳು ಹೇಳಲ್ಲ.

ಗ್ರಿಡ್‌ಗೆ ಇದು ಹೇಗೆ ಸೇರುತ್ತೆ ಅಂತ ಕೇಳ್ಬಹುದು. ಡಿಮ್ಯಾಂಡ್ ರೆಸ್ಪಾನ್ಸ್ ಅಂತ ಒಂದಿದೆ, ಗ್ರಿಡ್ ಒತ್ತಡದಲ್ಲಿದ್ದಾಗ ಲೋಡ್ ಕಮ್ಮಿ ಮಾಡಿದವರಿಗೆ ದುಡ್ಡು ಕೊಡೋದು ಅಥವಾ ಹೊತ್ತಿಗೊಂದು ದರ ಇಡೋದು. ಇದಕ್ಕೆ ಯಾರು ಸೇರ್ಬಹುದು ಅಂದ್ರೆ ಎಲ್ಲಾದ್ರೂ ಒಂದಷ್ಟು ಸ್ಟಾಕ್ ಇಟ್ಕೊಂಡಿರೋರು. ಸಿಮೆಂಟ್ ಗ್ರೈಂಡಿಂಗ್ ಮಿಲ್ ಒಂದೆರಡು ಗಂಟೆ ನಿಂತ್ರೆ ಸೈಲೋದಲ್ಲಿ ಪುಡಿ ಇರುತ್ತೆ, ಕೋಲ್ಡ್ ಸ್ಟೋರೇಜ್‌ನಲ್ಲಿ ತಂಪೇ ಸ್ಟಾಕು, ನೀರಿನ ಪಂಪಿಗೆ ಮೇಲಿನ ಟ್ಯಾಂಕ್ ಇದೆ. ಅಲ್ಯೂಮಿನಿಯಂ ಸ್ಮೆಲ್ಟರ್ ವಿಚಿತ್ರ ಗಿರಾಕಿ, ಒಂದು ಗಂಟೆ ಲೋಡ್ ಇಳಿಸಬಹುದು, ಗ್ರಿಡ್‌ಗೆ ಭಾರಿ ಉಪಕಾರ, ಆದ್ರೆ ಕೆಲವು ಗಂಟೆ ಮೀರಿದ್ರೆ ಪಾಟ್ (ಕರಗಿದ ಲೋಹ ಇರೋ ತೊಟ್ಟಿ) ಒಳಗಿನದ್ದೆಲ್ಲ ಗಟ್ಟಿಯಾಗಿ ಇಡೀ ಲೈನೇ ಹಾಳು. ಗಾಜಿನ ಫರ್ನೇಸ್ ಇಟ್ಕೊಂಡೋರನ್ನ ಕೇಳಲೇಬೇಡಿ. ಅಂದ್ರೆ ಯಾವ ಮೆಷಿನ್ನು ಎಷ್ಟು ಹೊತ್ತು ಕಾಯುತ್ತೆ ಅನ್ನೋ ಪಟ್ಟಿ ನಿಮ್ಮ ಹತ್ರ ಇರ್ಬೇಕು, ಮೀಟರ್ ಅದನ್ನ ಹೇಳಲ್ಲ, ಪ್ರೊಡಕ್ಷನ್‌ನವರ ಜೊತೆ ಕೂತು ಬರೀಬೇಕು. ಈ ಪಟ್ಟಿ ಇದ್ರೆ ಗ್ರಿಡ್ ಸಿಗ್ನಲ್ ಬರ್ದಿದ್ರೂ ಲಾಭ ಇದೆ, ಯಾಕಂದ್ರೆ ಬಹಳ ಕಡೆ ಫ್ಯಾಕ್ಟರಿ ಬಿಲ್ಲಿನಲ್ಲಿ ತಿಂಗಳಲ್ಲೇ ಅತಿ ಹೆಚ್ಚು ಎಳೆದ ಆ ಒಂದು 15 ಅಥವಾ 30 ನಿಮಿಷದ ಸರಾಸರಿಗೂ ಚಾರ್ಜ್ ಬೀಳುತ್ತೆ, ಶಿಫ್ಟ್ ಶುರುವಲ್ಲಿ ಎಲ್ಲ ಒಟ್ಟಿಗೆ ಸ್ಟಾರ್ಟ್ ಮಾಡೋ ಚಟ ಬಿಟ್ರೆ ಅದೇ ಇಳಿಯುತ್ತೆ.

ಇನ್ನೊಂದು ವಿಷಯ, ಯಾವ ವೆಂಡರೂ ಹೇಳಲ್ಲ: ಟೈಮು. ಒಂದ್ಸಲ ನಮ್ಮಲ್ಲಿ ವೋಲ್ಟೇಜ್ ಡಿಪ್ ಆಗಿ, ಅಂದ್ರೆ ಕ್ಷಣಕಾಲ ಕುಸಿದು, ಡ್ರೈವ್‌ಗಳೆಲ್ಲ (ಮೋಟ್ರಿನ ಸ್ಪೀಡ್ ಬದಲಾಯಿಸೋ ಉಪಕರಣ) ಟ್ರಿಪ್ ಆದ್ವು. ಲಾಗ್ ನೋಡಿದ್ರೆ ಅದಕ್ಕೆ ಸ್ವಲ್ಪ ಮುಂಚೆ ದೊಡ್ಡ ಬ್ಲೋವರ್ ಸ್ಟಾರ್ಟ್ ಆಗಿದೆ. ಸರಿ ಬ್ಲೋವರ್‌ದೇ ತಪ್ಪು ಅಂತ ಎರಡು ವಾರ ಅದರ ಸ್ಟಾರ್ಟರ್ ಬಿಚ್ಚಿ ಕಟ್ಟಿ ಒದ್ದಾಡಿದ್ವಿ. ಆಮೇಲೆ ಗೊತ್ತಾಗಿದ್ದು, ಬ್ಲೋವರ್ ಮೀಟರಿನ ಗಡಿಯಾರ 6 ನಿಮಿಷ ಹಿಂದಿತ್ತು! ನಿಜವಾಗಿ ಡಿಪ್ ಮೊದಲು, ಅದೂ ಹೊರಗಿನ ಲೈನಿನಿಂದ, ಬ್ಲೋವರ್ ಆಮೇಲೆ ರೀಸ್ಟಾರ್ಟ್ ಆಗಿದ್ದು. ನಾಚಿಕೆ ಆಯ್ತು. ಆದ್ರೆ 2003ರ ಆಗಸ್ಟ್ 14ರ ದೊಡ್ಡ ಬ್ಲ್ಯಾಕೌಟ್ ಬಗ್ಗೆ ಓದಿದ್ಮೇಲೆ ಸ್ವಲ್ಪ ಸಮಾಧಾನ ಆಯ್ತು. ಅಮೆರಿಕದ ಈಶಾನ್ಯ ಭಾಗ ಮತ್ತೆ ಕೆನಡಾದ ಒಂಟಾರಿಯೋ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ. ಒಹಾಯೋದ ಒಂದು ಕಂಟ್ರೋಲ್ ರೂಮಿನಲ್ಲಿ ಅಲಾರಂ ಸಾಫ್ಟ್‌ವೇರ್ ಸದ್ದಿಲ್ಲದೆ ನಿಂತ್ಹೋಗಿತ್ತು, ಅಲಾರಂ ಬರ್ತಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಅಲ್ಲಿದ್ದೋರು ಒಂದು ಗಂಟೆಗೂ ಮೇಲೆ ಕೂತಿದ್ರು, ಹೊರಗೆ ಲೈನುಗಳು ಜೋತು ಮರಕ್ಕೆ ತಾಗಿ ಒಂದೊಂದೇ ಟ್ರಿಪ್ ಆಗ್ತಿದ್ವು. ಆಮೇಲೆ ತನಿಖೆ ಮಾಡೋರಿಗೆ ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸೋದೇ ದೊಡ್ಡ ಪಾಡಾಯ್ತು, ಯಾಕಂದ್ರೆ ರೆಕಾರ್ಡರ್‌ಗಳ ಗಡಿಯಾರ ಒಂದಕ್ಕೊಂದು ತಾಳೆ ಆಗ್ತಿರ್ಲಿಲ್ಲ.

ಇದಕ್ಕೆ ಮದ್ದು ಆಗ್ಲೇ ಇತ್ತು. ಅಮೆರಿಕದ ವರ್ಜೀನಿಯಾ ಟೆಕ್ ಯೂನಿವರ್ಸಿಟಿಲಿ ಅರುಣ್ ಫಡ್ಕೆ ಮತ್ತವರ ತಂಡ 1988ರಲ್ಲೇ ಪಿಎಂಯು ಅನ್ನೋ ಉಪಕರಣದ ಮೊದಲ ಮಾದರಿ ಮಾಡಿದ್ರು, ಜಿಪಿಎಸ್ ಗಡಿಯಾರ ಇಟ್ಕೊಂಡು ನೂರಾರು ಕಿಲೋಮೀಟರ್ ದೂರದ ಎರಡು ಸಬ್‌ಸ್ಟೇಷನ್‌ನಲ್ಲಿ ಒಂದೇ ಕ್ಷಣದ ವೋಲ್ಟೇಜನ್ನ ಅಳೆಯೋದು. ಸಾಮಾನ್ಯ ಸ್ಕಾಡಾ (ಕಂಟ್ರೋಲ್ ರೂಮಿನಿಂದ ದೂರದ ಉಪಕರಣ ನೋಡೋ, ನಡೆಸೋ ವ್ಯವಸ್ಥೆ) ಕೆಲವು ಸೆಕೆಂಡಿಗೊಮ್ಮೆ ನೋಡುತ್ತೆ, ಪಿಎಂಯು ಸೆಕೆಂಡಿಗೆ ಹತ್ತಾರು ಸಲ. ಸ್ಮಾರ್ಟ್ ಗ್ರಿಡ್ ಅಂದ್ರೆ ನನಗೆ ಮೊದಲು ನೆನಪಾಗೋದು ಇದೇ, ಮನೆ ಮೀಟರ್ ಆಮೇಲೆ. 2003ರ ನಂತರವೇ ಜನ ಇದನ್ನ ಸೀರಿಯಸ್ ಆಗಿ ತಗೊಂಡಿದ್ದು, ಪೆಟ್ಟು ಬೀಳೋವರೆಗೂ ಯಾರಿಗೆ ಬೇಕು ಹೇಳಿ.

ಸೆಕ್ಯೂರಿಟಿ ಬಗ್ಗೆ ಎರಡು ಮಾತು. ಮೀಟರು, ಡ್ರೈವು, ಪಿಎಲ್‌ಸಿ ಮಾತಾಡೋ ಮಾಡ್‌ಬಸ್ ಅನ್ನೋ ಭಾಷೆ 1979ರದ್ದು, ಅದರಲ್ಲಿ ಪಾಸ್‌ವರ್ಡ್ ಅನ್ನೋ ಕಲ್ಪನೆನೇ ಇಲ್ಲ, ವೈರ್‌ಗೆ ಕೈ ಹಾಕಿದವನು ಹೇಳಿದ್ದೇ ಆಜ್ಞೆ. ಒಂದು ಪ್ಯಾನಲ್ ಒಳಗೆ ಇದ್ದಾಗ ಪರವಾಗಿಲ್ಲ, ಅದನ್ನೇ ಕ್ಲೌಡ್‌ಗೆ ಸೇರಿಸಿದಾಗ ಏನಾಗ್ಬಹುದು ಯೋಚ್ನೆ ಮಾಡಿ. 2015ರ ಡಿಸೆಂಬರ್ 23ರಂದು ಉಕ್ರೇನ್‌ನ ಕರೆಂಟ್ ಕಂಪನಿಗಳ ಕಂಪ್ಯೂಟರಿಗೆ ಹೊರಗಿನವರು ನುಗ್ಗಿದ್ರು, ಆಪರೇಟರ್ ಕಣ್ಮುಂದೆನೇ ಸ್ಕ್ರೀನ್ ಮೇಲೆ ಮೌಸ್ ತಾನಾಗೇ ಓಡಾಡಿ ಬ್ರೇಕರ್‌ಗಳನ್ನ ಒಂದೊಂದಾಗಿ ತೆರೀತು, ಅಂದ್ರೆ ಲೈನ್ ಆಫ್ ಮಾಡ್ತು, ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯ್ತು. ಕೆಲವೇ ಗಂಟೆಲಿ ವಾಪಸ್ ಬಂತು, ಹೇಗೆ ಗೊತ್ತಾ, ಜನ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಸ್ವಿಚ್ ಹಾಕಿದ್ರು. ಹಂಗಾಗಿ ನಿಮ್ಮಲ್ಲಿ ಯಾರಾದ್ರೂ ಬಂದು ಎಲ್ಲ ರಿಮೋಟ್ ಮಾಡ್ತೀವಿ, ಪ್ಯಾನಲ್ ಮೇಲಿನ ಲೋಕಲ್-ರಿಮೋಟ್ ಸೆಲೆಕ್ಟರ್ (ಅಲ್ಲೇ ಕೈಯಿಂದ ನಡೆಸೋದಾ, ದೂರದಿಂದಾ ಅಂತ ಆರಿಸೋ ಸ್ವಿಚ್) ತೆಗೆದುಬಿಡೋಣ ಅಂದ್ರೆ ಒಪ್ಪಬೇಡಿ.

ಎಲ್ಲಿಂದ ಶುರು ಅಂದ್ರಲ್ಲ, ದೊಡ್ಡ ಪ್ಲಾಟ್‌ಫಾರ್ಮ್ ಈಗ್ಲೇ ಕೊಂಡ್ಕೋಬೇಡಿ. ಎಐ ಅಂತ ಬಂದೋರಿಗೆ ಟೀ ಕೊಟ್ಟು ಕಳಿಸಿ, ಆರು ತಿಂಗಳು ಬಿಟ್ಟು ಬನ್ನಿ ಅನ್ನಿ. ಫ್ಯಾನು ಅಥವಾ ಸೆಂಟ್ರಿಫ್ಯೂಗಲ್ ಪಂಪಿನ ಗಾಳಿ, ನೀರನ್ನ ಡ್ಯಾಂಪರ್‌ನಲ್ಲೋ ವಾಲ್ವ್‌ನಲ್ಲೋ ಅರ್ಧ ಮುಚ್ಚಿ ಕಮ್ಮಿ ಮಾಡಿರೋದು ಎಲ್ಲಾದ್ರೂ ಕಂಡ್ರೆ ಅಲ್ಲಿಗೆ ಡ್ರೈವ್ ಹಾಕಿ, ಸ್ಪೀಡ್ 80 ಪರ್ಸೆಂಟ್‌ಗೆ ಇಳಿಸಿದ್ರೆ ಪವರ್ ಹತ್ತತ್ರ ಅರ್ಧಕ್ಕೆ ಇಳಿಯುತ್ತೆ (ಎತ್ತರಕ್ಕೆ ನೀರು ತಳ್ಳೋ ಪಂಪಲ್ಲಿ ಅಷ್ಟು ಸಿಗಲ್ಲ, ನೆನಪಿರ್ಲಿ), ಇದಕ್ಕೆ ಯಾವ ಎಐನೂ ಬೇಡ. ಹೊಸ ಮೀಟರ್‌ನಿಂದ ಹೋದ ತಿಂಗಳ ಲೋಡ್ ಪ್ರೊಫೈಲ್ (ಯಾವ ಹೊತ್ತಲ್ಲಿ ಎಷ್ಟು ಎಳೀತು ಅನ್ನೋ ಲೆಕ್ಕ) ಕೇಳಿ ತಗೊಳ್ಳಿ, ರಜಾ ದಿನದ ರಾತ್ರಿಯ ಗೆರೆ ಮಾತ್ರ ಬೇರೆ ತೆಗೀರಿ, ಪ್ರಿಂಟ್ ಹಾಕಿ ನಿಮ್ಮ ಅತಿ ಹಳೇ ಫಿಟ್ಟರ್ ಮುಂದೆ ಇಟ್ಟು ಇದೇನಿರಬಹುದು ಅಂತ ಕೇಳಿ. ನಿಮ್ಮ ಗೆರೆ ಹೇಗಿದೆ, ಎಷ್ಟು ಕಿಲೋವ್ಯಾಟ್ ಅಂತ ಕಾಮೆಂಟ್‌ನಲ್ಲಿ ಹಾಕಿದ್ರೆ ನಾನೂ ಒಂದು ಊಹೆ ಹೇಳ್ತೀನಿ, ಜೊತೆಗೆ ಮೀಟರ್ ಗಡಿಯಾರ ನಿಮ್ಮ ಫೋನಿನ ಟೈಮಿಗಿಂತ ಎಷ್ಟು ಹಿಂದೆ ಮುಂದೆ ಇದೆ ಅಂತಲೂ ಬರೀರಿ.